ಹಾಲು ಉಕ್ಕಿಸಿ ಬಿಟ್ಟುಬಂದ ಮನೆ

ಇವತ್ತು ಬೆಳಗ್ಗೆ ಹಾಲು ಉಕ್ಕಿತು. ನಾನು ಒಲೆಯ ಮುಂದೆಯೇ ನಿಂತಿದ್ದೆ, ಕೈಯಲ್ಲಿ ಇಕ್ಕಳವೂ ಇತ್ತು, ಆದರೂ ಉಕ್ಕಿತು. ಹಾಲಿನ ಬುದ್ಧಿ ನಿಮಗೂ ಗೊತ್ತಿರುತ್ತದೆ. ನೋಡುತ್ತಿರುವಷ್ಟು ಹೊತ್ತು ಸಾಧುವಿನಂತೆ ಇರುತ್ತದೆ, ಕಿಟಕಿಯಾಚೆ ಒಂದು ಸಲ ಕಣ್ಣು ಹಾಯಿಸಿದಿರೋ, ಮುಗಿಯಿತು. ಸೀದ ಹಾಲಿನ ವಾಸನೆ ಮೂರು ಕೋಣೆಯ ಈ ಫ್ಲ್ಯಾಟನ್ನು ತುಂಬಿಕೊಳ್ಳಲು ಎಷ್ಟು ಹೊತ್ತು ಬೇಕು? ನಾಲ್ಕು ದಿನ ಇದ್ದು ಹೋಗಲೆಂದು ಊರಿಂದ ಬಂದಿರುವ ಅವ್ವ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ನಕ್ಕಳು.

"ಒಂಟಿಕೊಪ್ಪಲ್ ಮನೇಲೂ ಇಂಗೇ ಉಕ್ಕಿತ್ತಲ್ವಾ?"

ಅದಾದ ಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ಅದನ್ನು ಆಮೇಲೆ ಹೇಳುತ್ತೇನೆ. ಈಗಲೇ ಹೇಳಿಬಿಟ್ಟರೆ, ಒಲೆ ಒರೆಸುವ ಬಟ್ಟೆ ಹಿಡಿದುಕೊಂಡು ನಾನು ಯಾಕೆ ಹಾಗೇ ನಿಂತುಬಿಟ್ಟೆ ಎಂಬುದು ನಿಮಗೆ ತಿಳಿಯುವುದಿಲ್ಲ.

ಒಂಬತ್ತು ವರ್ಷದ ಹಿಂದಿನ ಮಾತು. ಕುವೆಂಪುನಗರದ ಕಡೆಯ ಕಾಲೇಜೊಂದರ ಗ್ರಂಥಾಲಯದಲ್ಲಿ ನನಗೆ ಕೆಲಸ ಸಿಕ್ಕಿತ್ತು. ಕೊಳ್ಳೇಗಾಲದ ಕಡೆಯ ನನಗೆ ಮೈಸೂರು ಹೊಸ ಊರೇನಲ್ಲ. ಆದರೆ ಬಂದು ಹೋಗುವ ಊರೇ ಬೇರೆ, ಇರುವ ಊರೇ ಬೇರೆ. ಒಂದು ಹಾಸ್ಟೆಲಿನಲ್ಲಿ ಮಂಚ ಹಿಡಿದು ಮನೆ ಹುಡುಕಲು ಶುರುಮಾಡಿದೆ. ಎಲ್ಲಿ ಮನೆ ಮಾಡಲಿ ಎಂದು ಸಹೋದ್ಯೋಗಿಗಳನ್ನು ಕೇಳಿದ್ದೇ ತಪ್ಪಾಯಿತು. ಮೈಸೂರಿನವರಿಗೆ ಅವರವರ ಬಡಾವಣೆಯೇ ಮೈಸೂರು, ಉಳಿದದ್ದೆಲ್ಲ ಊರಾಚೆ. ಜಯಲಕ್ಷ್ಮಿಪುರದವರು ಮರದ ನೆರಳಿನ ಬಗ್ಗೆ ಹೇಳಿದರು. ರಾಮಕೃಷ್ಣನಗರದವರು ನಲ್ಲಿ ನೀರಿನ ಬಗ್ಗೆ ಹೇಳಿದರು. ಒಂಟಿಕೊಪ್ಪಲಿನವರೊಬ್ಬರು ಮಾತ್ರ ಏನೂ ಹೊಗಳದೆ, "ಇದ್ದು ನೋಡಿ, ಆಮೇಲೆ ಬೇರೆ ಕಡೆ ನಿದ್ದೆ ಬರಲ್ಲ" ಎಂದರು.

ನಾನು ಮಾತ್ರ ನೆರಳು, ನೀರು, ನಿದ್ದೆ ಯಾವುದನ್ನೂ ಲೆಕ್ಕಕ್ಕಿಟ್ಟಿರಲಿಲ್ಲ. ನನ್ನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ. ಜಯಲಕ್ಷ್ಮಿಪುರದಲ್ಲಿ ನೋಡಿದ ಮೊದಲನೇ ಮನೆಯ ಯಜಮಾನರು ಬಹಳ ಮರ್ಯಾದಸ್ಥರು. ಕುರ್ಚಿ ಹಾಕಿಸಿ, ಫ್ಯಾನ್ ಹಾಕಿಸಿ, ಆಮೇಲೆ ಕೇಳಿದರು.

"ಯಾವ ಕಡೆಯವರಮ್ಮ ನೀವು?"

"ಕೊಳ್ಳೇಗಾಲದ ಕಡೆ ಸಾರ್."

"ಅದು ಊರಾಯ್ತು. ನಾ ಕೇಳಿದ್ದು, ಯಾವ ಪೈಕಿ ಅಂತ."

ನಾವು ದಲಿತರು. ಅಪ್ಪ ಬುದ್ಧನ ಪಟ ತಂದು ಗೋಡೆಗೆ ಹಾಕಿದ ದಿನದಿಂದ ಬೌದ್ಧರು. ಆ ಪಟಕ್ಕೆ ಮೊಳೆ ಹೊಡೆದ ದಿನವೇ ಅಪ್ಪ ಮಕ್ಕಳನ್ನು ಕೂರಿಸಿಕೊಂಡು ಒಂದು ಕಟ್ಟಳೆ ಮಾಡಿದ್ದ. ಯಾರಾದರೂ ಕೇಳಿದರೆ ಸುಳ್ಳು ಹೇಳಬೇಡಿ, ಕೇಳದೇ ಇದ್ದರೆ ನೀವಾಗಿ ಹೇಳಬೇಡಿ. ಅಪ್ಪ ಈಗಿಲ್ಲ, ಕಟ್ಟಳೆ ಇದೆ. ಅದರಂತೆ ಆ ಯಜಮಾನರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಛೇ ಛೇ, ನಮಗೆ ಅದೆಲ್ಲ ಏನೂ ಇಲ್ಲಮ್ಮ, ಸುಮ್ನೆ ಕೇಳ್ದೆ. ಫೋನ್ ಮಾಡ್ತೀನಿ" ಎಂದರು. ಮಾತಿಗೆ ತಪ್ಪದೆ ಮಾಡಿದರು ಕೂಡ. "ಬೇಜಾರು ಮಾಡ್ಕೋಬೇಡಿ, ನಮ್ಮ ಮಗಳೇ ಬರ್ತಾಳಂತೆ."

ಎರಡನೇ ಮನೆಗೂ ಮಗಳೇ ಬಂದಳು. ಮೂರನೇ ಮನೆಗೂ ಮಗಳೇ. ಆ ಹದಿನೈದು ದಿನಗಳಲ್ಲಿ ಮೈಸೂರಿನ ಹೆಣ್ಣುಮಕ್ಕಳೆಲ್ಲ ಗಂಟುಮೂಟೆ ಕಟ್ಟಿಕೊಂಡು ತವರಿಗೆ ಹೊರಟು ನಿಂತಿದ್ದರು. ಈಗ ಹೇಳುವಾಗ ನಗು ಬರುತ್ತದೆ. ಆಗ ಹಾಸ್ಟೆಲಿನ ಮಂಚದ ಮೇಲೆ ಕೂತು ಅತ್ತಿದ್ದೇನೆ. ಹಗಲೆಲ್ಲ ಪುಸ್ತಕಗಳಿಗೆ ನಂಬರು ಅಂಟಿಸಿ ಒಂದೊಂದಕ್ಕೂ ಅದರದ್ದೇ ಜಾಗ ತೋರಿಸುವ ಕೆಲಸ ನನ್ನದು. ಸಂಜೆಯಾದರೆ ನನ್ನನ್ನು ಯಾವ ಕಪಾಟಿನಲ್ಲಿ ಇಡಬೇಕೋ ಊರಿಗೇ ಗೊತ್ತಾಗುತ್ತಿರಲಿಲ್ಲ.

ಹೀಗಿರುವಾಗ ಒಂಟಿಕೊಪ್ಪಲಿನ ಒಂದು ಅಡ್ಡರಸ್ತೆಯಲ್ಲಿ, ಗೇಟಿಗೆ ತಂತಿಯಿಂದ ಕಟ್ಟಿದ ರಟ್ಟಿನ ಮೇಲೆ 'ಮನೆ ಬಾಡಿಗೆಗೆ ಇದೆ' ಎಂದು ದುಂಡಗೆ ಬರೆದದ್ದು ಕಂಡಿತು. ಮನೆ ಹಳೆಯದು, ಕೆಂಪು ಗಾರೆ ನೆಲ. ಮುಂದಿನ ಪಾಲಿನಲ್ಲಿ ವಿಶಾಲಾಕ್ಷಮ್ಮ ಎಂಬ ಮನೆಯಾಕೆ, ಮಹಡಿಯ ಮೇಲೆ ಮಗ ಸೊಸೆ, ಪಕ್ಕದ ಪಾಲು ಖಾಲಿ. ವಿಶಾಲಾಕ್ಷಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಿಯಾದವರು. ಗಟ್ಟಿ ದನಿ, ಹಣೆಯ ಮೇಲೆ ಕಾಸಗಲ ಕುಂಕುಮ, ಮಾತಾಡುವಾಗ ಕನ್ನಡಕದ ಮೇಲಿಂದ ನೋಡುವ ಅಭ್ಯಾಸ. ನಾನು ಉತ್ತರ ಸಿದ್ಧ ಮಾಡಿಕೊಂಡೇ ನಿಂತಿದ್ದೆ. ಅವರು ಎರಡೇ ಪ್ರಶ್ನೆ ಕೇಳಿದರು.

"ಬೆಳಗ್ಗೆ ಎಷ್ಟು ಗಂಟೆಗೆ ಏಳ್ತೀರಮ್ಮ? ಕಾಫಿನೋ, ಟೀನೋ?"

"ಆರಕ್ಕೆ. ಕಾಫಿ."

"ಹಾಗಾದ್ರೆ ಸರಿ."

ಸರಿ ಎಂದರೆ ಮನೆ ಸಿಕ್ಕಿತು ಎಂದು ಅರ್ಥಮಾಡಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಬೇರೇನೂ ಕೇಳುವುದಿಲ್ಲವೇ ಎಂದು ನಾನೇ ಕೇಳಿದೆ. ಅದಕ್ಕೆ ಅವರು, "ಮೂವತ್ತು ವರ್ಷ ಊರವರ ಮಾತೆಲ್ಲ ಈ ಕಿವಿಗೆ ಬಿದ್ದಿದೆ ಕಣಮ್ಮ. ಇನ್ನೂ ಯಾರ ಹತ್ರ ಏನು ಕೇಳಿ ತಿಳ್ಕೊಳ್ಳೋದಿದೆ?" ಎಂದು ನಕ್ಕರು. ನಕ್ಕು, ಗೋಡೆಯ ಪಂಚಾಂಗ ತೆಗೆದರು. ನಾಳಿದ್ದಿನಿಂದ ಆಷಾಢ. ಆಷಾಢದಲ್ಲಿ ಹೊಸ ಮನೆಗೆ ಕಾಲಿಡಬಾರದು. ಆದ್ದರಿಂದ ನಾಳೆಯೇ ಹಾಲು ಉಕ್ಕಿಸಿ ಮನೆ ಹೊಕ್ಕ ಶಾಸ್ತ್ರ ಮುಗಿಸಿಬಿಡುವುದು, ಸಾಮಾನು ಸಮೇತ ಶ್ರಾವಣದಲ್ಲಿ ಬರುವುದು. ಅವರೇ ಎಲ್ಲ ತೀರ್ಮಾನ ಮಾಡಿದರು.

ಫೋನಿನಲ್ಲಿ ಹೇಳಿದಾಗ ಅವ್ವ, "ಆಸಾಡದ ಉಣ್ಣುಮೆ, ಬುದ್ಧ ಮೊದ್ಲು ಬೋದ್ನೆ ಮಾಡಿದ್ ದಿನ, ನಮ್ಗೆ ದೊಡ್ ದಿನ ಅಂತಿದ್ರಲ್ಲ ನಿಮ್ಮಪ್ಪ. ಓಗ್ಲಿ ಬುಡು, ಹಾಲು ಉಕ್ಕುದ್ರೆ ಯಾರ್ಗೇನ್ ನಷ್ಟ?" ಎಂದು ಮಾರನೆಯ ದಿನ ಮೊದಲನೇ ಬಸ್ಸಿಗೇ ಬಂದಳು. ಬರುವಾಗ ಹೊಸದೊಂದು ಸಣ್ಣ ಸ್ಟೀಲ್ ಪಾತ್ರೆ ತಂದಿದ್ದಳು. ಎಲ್ಲ ಇತ್ತು, ಬೆಂಕಿಪೊಟ್ಟಣ ಮರೆತಿದ್ದೆವು. ಶಾಸ್ತ್ರಕ್ಕೆ ಹೊಸ ಪೊಟ್ಟಣವೇ ಆಗಬೇಕೆಂದು ವಿಶಾಲಾಕ್ಷಮ್ಮ ಹೇಳಿದ್ದರಿಂದ ನಾನು ಮೂಲೆ ಅಂಗಡಿಗೆ ಓಡಿದೆ. ಬರುವಷ್ಟರಲ್ಲಿ ಇಬ್ಬರೂ ಖಾಲಿ ಮನೆಯಲ್ಲಿ ನೆಲದ ಮೇಲೆ ಕೂತು ಏನೋ ಹೇಳಿಕೊಂಡು ನಗುತ್ತಿದ್ದರು. ಹಾಲು ಪೂರ್ವಕ್ಕೇ ಉಕ್ಕಿತು. ಕಾಫಿಯಾಯಿತು. ಹೊರಡುವಾಗ ವಿಶಾಲಾಕ್ಷಮ್ಮ ಹೇಳಿದರು.

"ಹಾಲು ಉಕ್ಕಿದ ಮನೆ ಕತ್ತಲಾಗಿರಬಾರದು. ನೀನು ಬರೋವರೆಗೂ ದೀಪ ನಾನೇ ಹಚ್ತೀನಿ, ಹೋಗಿ ಬಾ."

ಒಂದು ದಿನದಲ್ಲಿ 'ನೀವು' ಹೋಗಿ 'ನೀನು' ಆಗಿತ್ತು. ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಆ ವಾರವೆಲ್ಲ ಗ್ರಂಥಾಲಯದ ರಶೀದಿಗಳ ಹಿಂದೆ ಆ ಮನೆಯ ನಕ್ಷೆ ಬರೆದೆ. ಮೇಜು ಪೂರ್ವದ ಕಿಟಕಿಗೆ. ಬುದ್ಧನ ಪಟ ನಡುಮನೆಯ ಗೋಡೆಗೆ.

ಪಟದ ಹತ್ತಿರ ಬಂದಾಗ ಪೆನ್ಸಿಲ್ ನಿಂತಿತು. ಆ ಪಟ ನೋಡಿದ ದಿನ ಅವರು ಏನೆನ್ನಬಹುದು? ಆಷಾಢ ಇಷ್ಟು ನೋಡುವ ಹೆಂಗಸು ಉಳಿದದ್ದನ್ನು ನೋಡದೆ ಬಿಡುತ್ತಾರೆಯೇ? ಇವತ್ತು ಕೇಳಿಲ್ಲ ಅಂದರೆ ನಾಳೆ ಕೇಳುತ್ತಾರೆ. ಮನೆ ಕೊಡದೆ ಕಳಿಸುವವರನ್ನು ತಡೆದುಕೊಳ್ಳಬಹುದು. ಒಂದು ವರ್ಷ ಕಾಫಿ ಕುಡಿದ ಮೇಲೆ ಲೋಟ ಬೇರೆ ಇಡುವವರನ್ನು ಹೇಗೆ ತಡೆದುಕೊಳ್ಳುವುದು? ಕೇಳದೇ ಇದ್ದರೆ ಹೇಳಬಾರದು ಎಂಬ ಅಪ್ಪನ ಕಟ್ಟಳೆ ಬೇರೆ ಬಾಯಿ ಕಟ್ಟಿತ್ತು. ಹೀಗೆ ಆಷಾಢ ಕಳೆದಂತೆಲ್ಲ ನನ್ನ ಭಯ ಬೆಳೆಯಿತು.

ಆಗಲೇ ಬ್ರೋಕರ್ ಒಬ್ಬ ಫೋನ್ ಮಾಡಿದ. ರಾಮಕೃಷ್ಣನಗರದಲ್ಲಿ ಮೂರನೇ ಮಹಡಿ, ಲಿಫ್ಟ್ ಇದೆ, ಯಜಮಾನರು ಇರುವುದು ಬೇರೆ ಊರಿನಲ್ಲಿ. ಕೊನೆಗೆ, "ಇಲ್ಲಿ ಯಾರೂ ಏನೂ ಕೇಳಲ್ಲ ಮೇಡಂ" ಎಂದ. ಅದೊಂದು ಮಾತಿಗೆ ನಾನು ಮನೆಯನ್ನು ಸರಿಯಾಗಿ ನೋಡದೆಯೇ ಒಪ್ಪಿಕೊಂಡೆ.

ಶ್ರಾವಣದ ಮೊದಲ ವಾರ ಒಂಟಿಕೊಪ್ಪಲಿಗೆ ಬೀಗದ ಕೈ ಹಿಂತಿರುಗಿಸಲು ಹೋದೆ. ಕಾಲೇಜಿಗೆ ದೂರ ಆಗುತ್ತದೆ ಎಂದು ಸುಳ್ಳು ಹೇಳಿದೆ. ದೂರವೇನೋ ನಿಜ, ಕಾರಣ ಸುಳ್ಳು. ವಿಶಾಲಾಕ್ಷಮ್ಮ ಕನ್ನಡಕದ ಮೇಲಿಂದ ನೋಡಿದರು. ಅವರ ಬೆನ್ನ ಹಿಂದೆ, ತೆರೆದ ಬಾಗಿಲೊಳಗೆ, ನನ್ನದಾಗಬೇಕಿದ್ದ ನಡುಮನೆಯ ಮೂಲೆಯಲ್ಲಿ ಹಗಲು ಹೊತ್ತಿನಲ್ಲೂ ಸಣ್ಣ ದೀಪ ಉರಿಯುತ್ತಿತ್ತು.

"ನಿನಗೆ ಅನುಕೂಲ ಆದ್ರೆ ಸರಿಯಮ್ಮ" ಎಂದರು. ಪಾತ್ರೆ ಕೇಳಿದರೆ ಕೊಡಲಿಲ್ಲ. "ಹಾಲು ಉಕ್ಕಿಸಿದ ಪಾತ್ರೆ ಈ ಮನೇಲೇ ಇರ್ಲಿ. ಬರ್ತಾ ಇರು, ಅದರಲ್ಲೇ ಹಾಲು ಕಾಯಿಸಿ ಕಾಫಿ ಕೊಡ್ತೀನಿ."

ಯಾವ ಮುಖ ಹೊತ್ತು ಹೋಗಲಿ? ಹೋಗಲಿಲ್ಲ.

ಬ್ರೋಕರ್ ಸುಳ್ಳು ಹೇಳಿರಲಿಲ್ಲ. ಈ ಫ್ಲ್ಯಾಟಿನಲ್ಲಿ ಒಂಬತ್ತು ವರ್ಷದಿಂದ ನನ್ನನ್ನು ಯಾರೂ ಏನೂ ಕೇಳಿಲ್ಲ. ಮೊದಲ ವರ್ಷ ಅದು ಹಬ್ಬದಂತಿತ್ತು. ಬುದ್ಧನ ಪಟವನ್ನು ಬಾಗಿಲು ತೆರೆದರೆ ಕಾಣುವ ಹಾಗೆಯೇ ಹಾಕಿದೆ, ಬಾಗಿಲ ಮುಂದೆ ನಿಂತು ನೋಡುವವರು ಬರಬೇಕಲ್ಲ! ಎದುರು ಮನೆಯವರ ಪಾಲಿಗೆ ನಾನು ಮುನ್ನೂರ ನಾಲ್ಕು. ಒಂದು ಸಲ ಜ್ವರ ಬಂದು ನಾಲ್ಕು ದಿನ ಮಲಗಿದ್ದೆ. ಐದನೇ ದಿನ ಲಿಫ್ಟಿನಲ್ಲಿ ಸಿಕ್ಕಿದವರು ಮುಗುಳ್ನಕ್ಕು ಮೊಬೈಲು ನೋಡಿಕೊಂಡರು. ತಪ್ಪು ಅವರದಲ್ಲ. ಏನೂ ಕೇಳದವರನ್ನೇ ಹುಡುಕಿಕೊಂಡು ಬಂದವಳು ನಾನು. ಊಟ ಆಯ್ತಾ ಎಂದೂ ಕೇಳುವುದಿಲ್ಲ ಎಂಬುದು ಆ ಮಾತಿನೊಳಗೇ ಇತ್ತು, ನಾನು ಗಮನಿಸಿರಲಿಲ್ಲ.

ನಗಬೇಡಿ, ಈ ಒಂಬತ್ತು ವರ್ಷ ನಾನು ಮನಸ್ಸಿನಲ್ಲಿ ಸಂಸಾರ ಮಾಡಿದ್ದು ಒಂಟಿಕೊಪ್ಪಲಿನ ಮನೆಯಲ್ಲಿ. ಆ ಕಡೆ ಕೆಲಸವಿಲ್ಲದಿದ್ದರೂ ಸ್ಕೂಟರ್ ಅದೇ ಅಡ್ಡರಸ್ತೆಗೆ ತಿರುಗುತ್ತಿತ್ತು. ಗೇಟಿಗೆ ಹಸಿರು ಬಣ್ಣ ಬಳಿದದ್ದು ಗೊತ್ತು. ಪಕ್ಕದ ಪಾಲಿಗೆ ಯಾರೋ ಬಂದದ್ದು, ಅವರ ಮಗುವಿನ ಮೂರು ಗಾಲಿ ಸೈಕಲ್ಲು ದೊಡ್ಡ ಸೈಕಲ್ಲಾದದ್ದು ಗೊತ್ತು. ಪೂರ್ವದ ಕಿಟಕಿಗೆ ಅವರು ಮೇಜು ಹಾಕಿಲ್ಲ, ಅಲ್ಲಿ ಬಟ್ಟೆ ಒಣಗಿಹಾಕುತ್ತಾರೆ. ಅದನ್ನು ನೋಡಿದಾಗಲೆಲ್ಲ, ನನಗೆ ಯಾವ ಹಕ್ಕೂ ಇಲ್ಲದ ಒಂದು ಸಿಟ್ಟು ಬರುತ್ತಿತ್ತು. ಸಂಜೆ ದೀಪ ಹಚ್ಚುವ ಹೊತ್ತಾದರೆ ಆ ಮನೆ ಬೇಕು ಅನ್ನಿಸುತ್ತಿತ್ತು, ಬರೀ ಬೇಕು ಅನ್ನಿಸುತ್ತಿತ್ತು. ಬಿಟ್ಟುಕೊಟ್ಟದ್ದು ಸರಿಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಲು ಒಂದು ಆಧಾರ ಮಾತ್ರ ಇತ್ತು. ಎಂದಾದರೂ ಒಂದು ದಿನ ಅವರು ಕೇಳಿಯೇ ಕೇಳುತ್ತಿದ್ದರು.

ಇವತ್ತು ಬೆಳಗ್ಗೆ ಅವ್ವ ತೆಗೆದದ್ದು ಆ ಆಧಾರವನ್ನೇ. ನಾನು ಒಲೆ ಒರೆಸುತ್ತಾ, "ಅವರೂ ಕೇಳೋರು ಬಿಡವ್ವ, ಗೊತ್ತಾಗಿದ್ರೆ ಮನೆ ಕೊಡ್ತಿದ್ರಾ?" ಎಂದೆ. ಅವ್ವ ಅಚ್ಚರಿಯಿಂದ ನೋಡಿದಳು.

"ಗೊತ್ತಿತ್ತಲ್ಲ ಅವ್ರ್‌ಗೆ! ನೀ ಬೆಂಕಿಪೊಟ್ಣ ತರಾಕೋಗಿದ್ದಲ್ಲ, ಆಗ್ಲೇ ಯೋಳ್ಬುಟ್ಟೆ. ಅಮ್ಮಾ, ನಾವು ಇಂಥೋರು, ಆಮ್ಯಾಕೆ ಗೊತ್ತಾಗಿ ನನ್ ಮಗ್ಳ ಮನ್ಸು ನೋಯಿಸ್ಬ್ಯಾಡಿ ಅಂದೆ."

"ಅದಕ್ಕೆ ಅವರೇನಂದ್ರು?"

"ಇದ್ನ ಯೋಳಾಕಾ ಇಷ್ಟೊತ್ನಿಂದ ಕೈ ಇಸುಕ್ತಾ ಕೂತಿದ್ರಿ, ಹೊಟ್ಟೆ ಹಸ್ದದೆಯೇನೋ ಅಂದ್ಕಂಡಿದ್ದೆ ಅಂತ ನಗಾಡ್ಬುಟ್ರು."

ಒಂಬತ್ತು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅಪ್ಪನ ಮಾತು ಮೀರಿದೆ ಎಂದು ನಾನು ಬೈಯುತ್ತೇನೆಂದು ಹೇಳಲಿಲ್ಲವಂತೆ. ನಾನು ದೂರ ಎಂದದ್ದನ್ನು ದೂರವೆಂದೇ ನಂಬಿದ್ದಳಂತೆ. ಓದಿದವಳು ನಾನು, ಧೈರ್ಯಸ್ಥೆ ನಾನು, ಅವ್ವನಿಗೆ ಊರಿನ ರೀತಿ ತಿಳಿಯದು ಎಂದುಕೊಂಡವಳೂ ನಾನೇ. ಆ ಮನೆಯಿಂದ ಹೆದರಿ ಓಡಿದವಳೂ ನಾನೊಬ್ಬಳೇ. ಹಾಗೆಂದು ನನ್ನನ್ನು ಹೆದರಿಸಿದವರು ಸುಳ್ಳಲ್ಲವಲ್ಲ, ಮೂರು ಮನೆಗೆ ಮೂರು ಹೆಣ್ಣುಮಕ್ಕಳು ಬಂದದ್ದು ಸುಳ್ಳಲ್ಲವಲ್ಲ ಎಂದು ಸಿಟ್ಟೂ ಬಂತು. ಆ ಸಿಟ್ಟು ವಿಶಾಲಾಕ್ಷಮ್ಮನ ಮೇಲೆ ತಿರುಗಿತ್ತಲ್ಲ ಎಂದು ಅಳುವೂ ಬಂತು.

"ಈಗ್ಲಾದ್ರೂ ಓಗಿ ಬಾ" ಎಂದಳು ಅವ್ವ.

ಸಂಜೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ, ಪ್ರತಿ ಸಿಗ್ನಲ್ಲಿನಲ್ಲೂ ಬದಲಾಯಿಸಿದೆ. ವಿಶಾಲಾಕ್ಷಮ್ಮ ಮುಂಬಾಗಿಲ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿದೆ. ಗೇಟಿನ ಸದ್ದಿಗೆ ತಲೆಯೆತ್ತಿ ಕನ್ನಡಕದ ಮೇಲಿಂದ ಬಹಳ ಹೊತ್ತು ನೋಡಿದರು.

"ಆಷಾಢ ಮುಗೀತೇನಮ್ಮ ನಿಂಗೆ?"

ತಲೆಯಾಡಿಸಿದೆ. ಅವರು ಮೊರವನ್ನು ಸರಿಸಿ ಜಾಗ ಮಾಡಿದರು. ಕೂತು ಒಂದು ಹಿಡಿ ಅವರೆಕಾಯಿ ಮಡಿಲಿಗೆ ಹಾಕಿಕೊಂಡೆ, ಏಕೆಂದರೆ ಕಣ್ಣು ಕೆಳಗಿಡಲು ಏನಾದರೂ ಬೇಕಿತ್ತು. ಅವರು ಒಳಕ್ಕೆ ಕೂಗಿದರು.

"ಶೈಲಾ, ಆಷಾಢದ ಪಾತ್ರೇಲಿ ಹಾಲಿಡು."

ಒಳಗಿದ್ದ ಸೊಸೆ ಅದು ಯಾವ ಪಾತ್ರೆ ಎಂದು ಕೇಳಲಿಲ್ಲ.