ಅಕ್ಕನ ಫಾರಂ

ಸತ್ತವರು ಕನಸಿನಲ್ಲಿ ಬಂದು ಬೈಯುತ್ತಾರೆ ಎಂದು ಜನ ಹೇಳುತ್ತಾರೆ. ಬೈದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ನನ್ನ ಅಕ್ಕ ಬೈಯುವುದಿಲ್ಲ. ಮಧ್ಯಾಹ್ನ ಉಂಡು ಕಣ್ಣು ಹತ್ತಿದರೆ ಸಾಕು, ಬಂದು ಅಡುಗೆಮನೆಯ ಮಣೆಯ ಮೇಲೆ ಕೂರುತ್ತಾಳೆ, ಸೆರಗಿನ ಮರೆಯಿಂದ ಅಂಗೈ ಚಾಚುತ್ತಾಳೆ. ನಾನು ಬ್ಯಾಗಿನಲ್ಲಿ ಮಾತ್ರೆ ಹುಡುಕುತ್ತೇನೆ. ಕನ್ನಡಕ ಸಿಗುತ್ತದೆ, ಬಸ್ ಟಿಕೆಟ್ ಸಿಗುತ್ತದೆ, ಮಾತ್ರೆ ಸಿಗುವುದಿಲ್ಲ. ಅವಳು ಕೈ ಹಿಂದಕ್ಕೆ ತೆಗೆಯುವುದೂ ಇಲ್ಲ. ಎಚ್ಚರವಾದ ಮೇಲೂ ಆ ಮಣೆಯ ಕಡೆ ತಿರುಗಲು ನನಗೆ ಹೆದರಿಕೆ.

ಅಕ್ಕನಿಗೆ ಹನ್ನೆರಡನೇ ವಯಸ್ಸಿನಿಂದ ಫಿಟ್ಸ್ ಇತ್ತು. ನಮ್ಮದು ಸಂಪಾಜೆ ಕಡೆಯ ಮನೆ, ಮನೆಮಾತು ಅರೆಭಾಷೆ. ಎಷ್ಟು ಮಾತಾಡುವ ಮನೆಯೆಂದರೆ ಹಸು ಸೀನಿದರೂ ಅರ್ಧ ದಿನ ಚರ್ಚೆಯಾಗುತ್ತಿತ್ತು. ಆದರೆ ಆ ಕಾಯಿಲೆಗೆ ಮಾತ್ರ ಹೆಸರಿರಲಿಲ್ಲ. ‘ಅದು’ ಎನ್ನುತ್ತಿದ್ದರು. ಮಂಗಳೂರಿನ ಡಾಕ್ಟರು ಕೊಟ್ಟ ಮಾತ್ರೆಗೆ ‘ಅದು’ ಬಗ್ಗಿತು. ಒಂದು ದಿನವೂ ಬಿಡಬಾರದು ಎಂದು ಡಾಕ್ಟರು ಹೇಳಿದ್ದರು.

ಸೋಮವಾರಪೇಟೆ ಕಡೆಯಿಂದ ಅಕ್ಕನನ್ನು ಕೇಳಲು ಬಂದರು. ಹುಡುಗ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಆಳುಗಳ ಹಾಜರಿ, ಕೆಲಸ ಎಲ್ಲ ಬರೆದಿಡುವವನು. ನಡುಮನೆಯ ದೀಪದ ಮುಂದೆ ಅಪ್ಪ ವೀಳ್ಯದೆಲೆ ಕೈಯಲ್ಲಿ ಹಿಡಿದು, ಹುಡುಗಿಗೆ ಯಾವ ಊನವೂ ಇಲ್ಲ ಎಂದರು. ನಮ್ಮಲ್ಲಿ ದೀಪದ ಮುಂದೆ ಹಿರಿಯರು ಆಡಿದ ಮಾತನ್ನು ಮನೆಯವರೆಲ್ಲ ಕಾಯಬೇಕು. ಮಾತು ಸುಳ್ಳಾದರೂ ಕಾಯಬೇಕು. ಅವರು ಆಚೆ ಹೋದ ಮೇಲೆ ಅಮ್ಮ ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಎಳೆದುಕೊಂಡು ಹೋಗಿ ತನ್ನ ತಲೆಯ ಮೇಲೆ ಕೈ ಇಡಿಸಿದಳು. "ಯಾರಿಗೂ ಹೇಳಿಕೆ ಇಲ್ಲೆ, ತಿಳ್ತಾ? ನಿನ್ನ ಅಕ್ಕನ ಬದ್‌ಕ್ ನಿನ್ನ ಬಾಯಿಲಿ ಉಟ್ಟು." ಅಕ್ಕನ ಬದುಕು ನನ್ನ ಬಾಯಲ್ಲಿದೆ, ಯಾರಿಗೂ ಹೇಳಕೂಡದು ಎಂದು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ನಮ್ಮ ಅಪ್ಪ ಒಂದೇ ಸುಳ್ಳಿಗೆ ಮುಗಿಸಿಬಿಟ್ಟರು. ಉಳಿದ ಒಂಬೈನೂರ ತೊಂಬತ್ತೊಂಬತ್ತು ನನ್ನ ಪಾಲಿಗೆ ಬಂತು. ಮಡಿಕೇರಿಯಲ್ಲಿ ನನಗೆ ಹಿಂದಿ ಟೀಚರ್ ಕೆಲಸ ಸಿಕ್ಕಿದ ಮೇಲೆ ಪ್ರತಿ ತಿಂಗಳು ನಾನೇ ಮಾತ್ರೆ ಕೊಂಡು, ಹಲಸಿನ ಹಪ್ಪಳದ ಕಟ್ಟಿನ ನಡುವೆ ತುರುಕಿ, ಸೋಮವಾರಪೇಟೆ ಬಸ್ಸು ಹತ್ತುತ್ತಿದ್ದೆ. ಅವರ ಪೇಟೆಯ ಮೆಡಿಕಲ್‌ನಲ್ಲಿ ಕೊಂಡರೆ ಯಾರಾದರೂ ನೋಡಿಬಿಟ್ಟಾರು ಎಂಬ ಭಯ. ಅಕ್ಕನಿಗೆ ಮಗಳು ಹುಟ್ಟಿದಳು, ಬೆಳೆದಳು, ಅವಳ ಮದುವೆಯ ಮಾತು ಬಂದಾಗ ಗುಟ್ಟು ಇನ್ನೂ ಗಟ್ಟಿಯಾಯಿತು. ಮಗಳು ಗಂಡನ ಮನೆಗೆ ಹೋದ ಮೇಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಯಾವ ಮುಖ ಹೊತ್ತು ಭಾವನಿಗೆ ಹೇಳುವುದು ಎನ್ನುತ್ತಿದ್ದಳು ಅಕ್ಕ. ನಾನೂ ಹೌದೆನ್ನುತ್ತಿದ್ದೆ.

ನಾನು ನಿವೃತ್ತಳಾದ ವರ್ಷ ಕುಶಾಲನಗರದ ಒಂದು ತಂಡ ನೇಪಾಳದ ಮುಕ್ತಿನಾಥಕ್ಕೆ ಹೊರಟಿತು. ಅಕ್ಕನಿಗೆ ಎಲ್ಲಿಲ್ಲದ ಆಸೆ. ಭಾವ ಹ್ಞೂಂ ಎಂದರು. ಅಷ್ಟು ಎತ್ತರದ ಜಾಗ, ಪರದೇಶ, ಎಲ್ಲರಿಗೂ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ ಎಂದರು ತಂಡದವರು. ಸೋಮವಾರಪೇಟೆಯಲ್ಲಿ ಇನ್ಶೂರೆನ್ಸ್ ಮಾಡಿಸುವ ಹೆಂಗಸು ನನ್ನ ಹಳೆಯ ವಿದ್ಯಾರ್ಥಿನಿಯೇ. ಮೂವರೂ ಅವಳ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಸಾಲಾಗಿ ಕೂತೆವು. ಫಾರಂ ತುಂಬುವ ಕೆಲಸ ನನ್ನದು. ಟೀಚರ್ ಇದ್ದಲ್ಲಿ ಬೇರೆಯವರ ಕೈಗೆ ಪೆನ್ನು ಯಾರು ಕೊಡುತ್ತಾರೆ?

"ಮಿಸ್, ಈ ಕಾಲಂ ಸರಿಯಾಗಿ ನೋಡಿ. ಈಗಾಗ್ಲೇ ಇರೋ ಕಾಯಿಲೆ ಏನಿದ್ರೂ ಬರೀಬೇಕು. ಇದೆ ಅಂದ್ರೆ ಪಾಲಿಸಿ ಕೊಡಲ್ಲ ಅಂತೇನಿಲ್ಲ, ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗತ್ತೆ ಅಷ್ಟೇ. ಮುಚ್ಚಿಟ್ರೆ ಮಾತ್ರ ಆಮೇಲೆ ಕಂಪನಿಯವ್ರು ಒಪ್ಪಲ್ಲ," ಎಂದಳು ಅವಳು. ಇದಕ್ಕಿಂತ ಬಿಡಿಸಿ ಹೇಳಲು ಯಾರಿಗೂ ಸಾಧ್ಯವಿಲ್ಲ. ನನ್ನ ಷುಗರ್ ಬರೆದೆ, ಬಿಪಿ ಬರೆದೆ. ಭಾವನ ಹರ್ನಿಯಾ ಆಪರೇಷನ್ ಬರೆದೆ. "ಟೀಚರಮ್ಮ, ನನ್ನ ಮುಂಗೋಪಾನೂ ಬರೆದುಬಿಡು, ಅದೂ ಹಳೇ ಕಾಯಿಲೆನೇ," ಎಂದು ಭಾವ ನಗಿಸಿದರು. ಆಮೇಲೆ ಅಕ್ಕನ ಫಾರಂ ಬಂತು.

ಅಕ್ಕ ನನ್ನ ಕಡೆ ನೋಡಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡುತ್ತಾ, "ನಂಗೆ ಎಂಥ ಕಾಯಿಲೆ ಉಟ್ಟು? ಇಲ್ಲೆ ತೇಳಿ ಬರಿ ಗೂಡೆ," ಎಂದಳು. ನನಗೆ ಅರವತ್ತಾದರೂ ಅವಳ ಬಾಯಲ್ಲಿ ನಾನು ಗೂಡೆಯೇ, ಹುಡುಗಿಯೇ. ಭಾವ ನಮ್ಮಿಬ್ಬರ ನಡುವೆ ಕೂತಿದ್ದರು. ಅವಳು ಹೇಳಿದಂತೆ ನಾನು ‘ಇಲ್ಲ’ ಎಂಬುದಕ್ಕೆ ಗುರುತು ಹಾಕಿದೆ. ಕೈ ನಡುಗಲಿಲ್ಲ. ನಡುಗಿತ್ತು ಎಂದು ಬರೆದುಕೊಂಡರೆ ನನಗೇ ನಾಚಿಕೆ. ಅಭ್ಯಾಸವಾದ ಕೈ ಅದು.

ಮುಕ್ತಿನಾಥಕ್ಕೆ ಹತ್ತುವ ದಾರಿಯಲ್ಲಿ ಮೂವರಿಗೂ ಒಂದೇ ಕೋಣೆ. ಮಾತ್ರೆಗಳೆಲ್ಲ ನನ್ನ ಬ್ಯಾಗಿನಲ್ಲಿ. ಭಾವ ಸ್ನಾನಕ್ಕೆ ಹೋದಾಗ ಅಕ್ಕ ಕೈ ಚಾಚುತ್ತಿದ್ದಳು, ನಾನು ಕೊಡುತ್ತಿದ್ದೆ. ಆದರೆ ಜೀಪು ಬದಲಿಸುವ ಕಡೆ ನನ್ನ ಬ್ಯಾಗು ತಂಡದ ಇನ್ನೊಂದು ಜೀಪಿಗೆ ಹೋಯಿತು. ಆ ಜೀಪು ದಾರಿಯಲ್ಲಿ ಕೆಟ್ಟು ಹಿಂದಿನ ಊರಿನಲ್ಲೇ ನಿಂತಿತು. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ನಾವು ತಂಗಿದ್ದ ಊರಲ್ಲೂ ಔಷಧಿ ಅಂಗಡಿ ಇತ್ತು. ಅಲ್ಲಿ ಕೇಳೋಣ ಎಂದೆ. "ಇವು ಸಂಗಡವೇ ಇದ್ದವೆ, ಬೇಡ. ಎರಡು ದಿನಕ್ಕೆ ಎಂಥ ಆದೆ?" ಎಂದಳು, ಭಾವನ ಕಡೆ ಕಣ್ಣು ತೋರಿಸಿ. ಗಂಡ ಜೊತೆಗೇ ಇದ್ದಾರೆ, ಎರಡು ದಿನಕ್ಕೆ ಏನಾಗುತ್ತದೆ ಎಂದು. ನಾನು ಅಂಗಡಿಯ ಕಡೆ ಹೋಗಲಿಲ್ಲ. ಅಯ್ಯೋ, ಒಂದು ತಲೆನೋವಿನ ನೆಪ ಹೇಳಿದ್ದರೂ ಅಂಗಡಿಗೆ ಹೋಗಿ ಬರಬಹುದಿತ್ತು! ಅಷ್ಟೆಲ್ಲ ಸುಳ್ಳು ಹೇಳಿದವಳಿಗೆ ಆ ಒಂದು ಸುಳ್ಳು ಹೊಳೆಯಲಿಲ್ಲ.

ಮೂರನೆಯ ಬೆಳಿಗ್ಗೆ ದರ್ಶನ ಮುಗಿಸಿ ಕೆಳಗಿನ ಊರಿಗೆ ಇಳಿದು ಚಹಾ ಕುಡಿಯುತ್ತಿದ್ದೆವು. ಅಕ್ಕನ ಕೈಯ ಲೋಟ ಬಿತ್ತು. ಅವಳೂ ಬಿದ್ದಳು. ನಲವತ್ತು ವರ್ಷದ ಮೇಲೆ ನಾನು ‘ಅದನ್ನು’ ಮತ್ತೆ ಕಂಡೆ. ಹಲ್ಲು ಕಚ್ಚಿಕೊಂಡ ಆ ಮುಖ ನನ್ನ ಅಕ್ಕನದಲ್ಲ ಎನ್ನಿಸುವಷ್ಟು ಬೇರೆಯಾಗಿತ್ತು. ತಂಡದವರು ಸೇರಿ ಅಲ್ಲಿನ ಸಣ್ಣ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಅಷ್ಟು ಹೊತ್ತಿಗೆ ಮೈ ಸಡಿಲವಾಗಿ, ಅರೆ ಎಚ್ಚರದಲ್ಲಿ ಮಲಗಿದ್ದಳು.

ಎಳೆಯ ಪ್ರಾಯದ ಡಾಕ್ಟರು ಬಂದರು. ಅವರಿಗೆ ನಮ್ಮ ಭಾಷೆ ಬಾರದು, ಭಾವನಿಗೆ ಹಿಂದಿ ಬಾರದು, ಇಂಗ್ಲಿಷ್ ಓದಲು ಬರುವುದೇ ಹೊರತು ಮಾತಾಡಲು ಬಾರದು. ಭಾವ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ನೀನು ಮಾತಾಡು ಟೀಚರಮ್ಮ. ನಾನು ಹೊರಗೆ ಹೋಗಿ ಇನ್ಶೂರೆನ್ಸ್‌ನೋರಿಗೆ ಫೋನ್ ಮಾಡಿ ಬರ್ತೀನಿ," ಎಂದು ಬಾಗಿಲು ಎಳೆದುಕೊಂಡು ಹೋದರು.

ಡಾಕ್ಟರು ಕೇಳಿದ್ದು ಎರಡೇ ಪ್ರಶ್ನೆ. ಹೀಗೆ ಮುಂಚೆ ಯಾವಾಗಲಾದರೂ ಆಗಿತ್ತಾ? ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಾರಾ?

ನಾನು ಎರಡಕ್ಕೂ ಇಲ್ಲ ಎಂದೆ.

ಯಾಕೆ ಎಂದು ಎಷ್ಟು ಸಲ ಕೇಳಿಕೊಂಡಿದ್ದೇನೋ. ಫಾರಂನಲ್ಲಿ ಇಲ್ಲ ಎಂದು ಬರೆದಾಗಿದೆ. ಈಗ ಹೌದೆಂದರೆ ಆಸ್ಪತ್ರೆಯ ಚೀಟಿಯಲ್ಲಿ ಬರುತ್ತದೆ, ಕಂಪನಿಯವರು ಕೈ ಬಿಡುತ್ತಾರೆ, ಕೆಳಗೆ ಒಯ್ಯಲು ಹೆಲಿಕಾಪ್ಟರ್ ಬರುವುದಿಲ್ಲ ಎಂಬ ಲೆಕ್ಕಾಚಾರ ತಲೆಯಲ್ಲಿ ಓಡಿದ್ದು ನಿಜ. ಆದರೆ ಅದು ನೆಪ. ಇಂಗ್ಲಿಷ್‌ನಲ್ಲಿ ಬರೆದ ಆ ಚೀಟಿಯನ್ನು ಭಾವ ಓದುತ್ತಾರಲ್ಲ ಎಂಬುದೇ ನಿಜವಾದ ಭಯ. ಕಣ್ಣು ಬಿಟ್ಟಾಗ ಅಕ್ಕನಿಗೆ ಗಂಡನ ಮುಖದಲ್ಲಿ ಅದು ಕಾಣುತ್ತದಲ್ಲ ಎಂಬ ಭಯ. ನನ್ನ ಬಾಯಲ್ಲಿ ಅವಳ ಬದುಕಿದೆ ಎಂದು ಅಮ್ಮ ಹೇಳಿದ್ದಳು. ನಾನು ಆ ಮಾತನ್ನು ತಲೆಕೆಳಗಾಗಿ ಹಿಡಿದುಕೊಂಡೆ.

ಮೊದಲ ಸಲ ಬಂದಿದೆ ಎಂದ ಮೇಲೆ ಡಾಕ್ಟರು ಎತ್ತರದ ತೊಂದರೆಯೇ ಇರಬೇಕು ಎಂದುಕೊಂಡು ಅದಕ್ಕೆ ತಕ್ಕ ಚಿಕಿತ್ಸೆ ಕೊಟ್ಟರು. ಆಕ್ಸಿಜನ್ ಹಾಕಿದರು, ಬೇಗ ಕೆಳಗೆ ಒಯ್ಯಬೇಕು ಎಂದರು. ಆದರೆ ಆ ಊರಿನಲ್ಲಿ ಹೊತ್ತೇರಿದರೆ ಗಾಳಿ ಏಳುತ್ತದೆ, ಮರುದಿನ ಬೆಳಿಗ್ಗೆವರೆಗೆ ಹೆಲಿಕಾಪ್ಟರ್ ಇಳಿಯುವ ಹಾಗಿಲ್ಲ. ಮಧ್ಯಾಹ್ನ ಅಕ್ಕನಿಗೆ ಮತ್ತೆ ಬಂತು. ಅದು ನಿಲ್ಲುವ ಮೊದಲೇ ಇನ್ನೊಂದು. ಭಾವ ಅವಳ ಕಾಲು ಹಿಡಿದುಕೊಂಡಿದ್ದರು. ನಾನು ಓಡಿಹೋಗಿ ಡಾಕ್ಟರನ್ನು ಹಜಾರದಲ್ಲಿ ನಿಲ್ಲಿಸಿ ಎಲ್ಲ ಹೇಳಿದೆ. ಚಿಕ್ಕಂದಿನದು, ಮಾತ್ರೆಯ ಹೆಸರು, ಬಿಟ್ಟುಹೋದ ದಿನಗಳು, ಎಲ್ಲ.

"ದೀದಿ, ಪೆಹಲೇ ಕ್ಯೋಂ ನಹೀಂ ಬತಾಯಾ?" ಎಂದರು ಅವರು. ಮೊದಲೇ ಯಾಕೆ ಹೇಳಲಿಲ್ಲ? ಅಷ್ಟೇ ಹೇಳಿ ಒಳಗೆ ಓಡಿದರು. ಇದ್ದ ಇಂಜೆಕ್ಷನ್ ಎಲ್ಲ ಕೊಟ್ಟರು. ಹೊತ್ತು ಮುಳುಗುವ ಮುಂಚೆ ಅಕ್ಕ ಹೋದಳು.

ಹಿಂದಿ ಕಲಿಸಿಯೇ ಅನ್ನ ತಿಂದವಳು ನಾನು. ಪ್ರಶ್ನಾರ್ಥಕ ವಾಕ್ಯ ಬೋರ್ಡಿನ ಮೇಲೆ ಎಷ್ಟು ಬರೆಸಿದ್ದೇನೋ. ಈಗ ಟಿವಿಯಲ್ಲಿ ಹಿಂದಿ ಕೇಳಿದರೆ ಎದ್ದು ಆರಿಸುತ್ತೇನೆ. ಮಡಿಕೇರಿಯ ಮೆಡಿಕಲ್ ಅಂಗಡಿಯವನಿಗೆ ವಿಷಯ ಗೊತ್ತಿರಲಿಲ್ಲ. ಮುಂದಿನ ತಿಂಗಳು ನನ್ನನ್ನು ಕಂಡು ಕೇಳದೆಯೇ ಮಾತ್ರೆಯ ಪಟ್ಟಿ ಕತ್ತರಿಸಿ ಇಟ್ಟ. ಬೇಡ ಎನ್ನಲು ಬಾಯಿ ಬರಲಿಲ್ಲ, ಕೊಂಡು ತಂದೆ. ಅದರ ಮುಂದಿನ ತಿಂಗಳೂ ತಂದೆ. ಗೊತ್ತಿದ್ದ ಒಬ್ಬ ಡಾಕ್ಟರಲ್ಲಿ, ಮೊದಲೇ ಹೇಳಿದ್ದರೆ ಉಳಿಯುತ್ತಿದ್ದಳಾ ಎಂದು ಕೇಳಿದೆ. "ಅದನ್ನ ಯಾರೂ ಹೇಳೋಕಾಗಲ್ಲಮ್ಮ," ಎಂದರು. ಇಲ್ಲ ಎಂದಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ.

ಇಷ್ಟರ ನಡುವೆ ನನ್ನನ್ನು ಇನ್ನೊಂದು ಕೊರೆಯುತ್ತಿತ್ತು. ನಾನು ಕೊನೆಗೆ ಹೇಳಿದ್ದೆಲ್ಲ ಆಸ್ಪತ್ರೆಯ ಕಾಗದದಲ್ಲಿ ಬಂದೇ ಇರುತ್ತದೆ. ಫಾರಂನಲ್ಲಿ ಇಲ್ಲ ಎಂದಿದೆ. ಕಂಪನಿಯವರು ಸುಳ್ಳು ಹಿಡಿದು ಭಾವನಿಗೆ ಪತ್ರ ಬರೆಯುತ್ತಾರೆ. ಆದರೆ ಅಕ್ಕನನ್ನು ಊರಿಗೆ ತರುವ ವ್ಯವಸ್ಥೆಯನ್ನು ಅವರೇ ಮಾಡಿದ್ದರು, ಆಮೇಲೂ ಒಂದು ಮಾತು ಕೇಳಲಿಲ್ಲ. ಎಲ್ಲ ಸಲೀಸಾಗಿ ಆಯಿತು. ಅದೇ ನನಗೆ ದಿಗಿಲು.

ತಿಥಿಯೆಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ಬೆಳಿಗ್ಗೆ ಭಾವನ ಮನೆಗೆ ಹೋದೆ. ಅವರೇ ಕಾಫಿ ಕಾಯಿಸಿದರು. ಜಗಲಿಯಲ್ಲಿ ಕೂತು, ಧೈರ್ಯ ಮಾಡಿ, ಕಂಪನಿಯವರು ಏನೂ ತಕರಾರು ಮಾಡಲಿಲ್ಲವಾ ಭಾವ ಎಂದು ಕೇಳಿದೆ.

"ಯಾಕ್ ಮಾಡ್ತಾರೆ? ಎಲ್ಲಾ ಬರೆದಿತ್ತಲ್ಲ," ಎಂದರು. ಒಳಗೆ ಹೋಗಿ ಫಾರಂನ ಪ್ರತಿ ತಂದು ನನ್ನ ಮುಂದೆ ಇಟ್ಟರು. ಅದು ನಾನು ತುಂಬಿದ್ದಲ್ಲ. ರೈಟರ್ ಕೆಲಸ ಮಾಡಿದ ಭಾವನ ಅಚ್ಚುಕಟ್ಟು ಅಕ್ಷರ. ಫಿಟ್ಸ್, ಚಿಕ್ಕಂದಿನಿಂದ, ಮಾತ್ರೆಯ ಹೆಸರು ಒಂದು ಕಾಗುಣಿತ ತಪ್ಪದೆ. ಕೆಳಗೆ ಅಕ್ಕನ ಸಹಿ.

"ಮಾರನೇ ದಿನ ಹೋಗಿ ಬೇರೆ ಬರೆಸಿದೆ ಕಣಮ್ಮ. ಮೊದಲಿಂದು ಇಂಕು ಹರಡಿತ್ತು ಅಂತ ಹೇಳಿ ಅವಳ ಸಹಿ ತಗೊಂಡೆ, ಓದ್ದೇ ಹಾಕಿದ್ಲು. ನಿನ್ನ ಶಿಷ್ಯೆಗೆ ನಿಂಗೆ ಹೇಳ್ಬೇಡ ಅಂದಿದ್ದೆ. ಮದುವೆ ಆದ ಎರಡನೇ ವರ್ಷ ನಿದ್ದೆಲಿ ಅವಳಿಗೆ ಬಂದಿತ್ತು. ಅವಳಿಗೆ ನೆನಪೇ ಇರ್ಲಿಲ್ಲ. ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ದಾಳೆ, ನಂಗೆ ಗೊತ್ತು ಅಂದ್ರೆ ಅವಳು ನನ್ನ ಮುಖ ನೋಡ್ತಿದ್ಲಾ ಹೇಳು? ಅದಕ್ಕೇ ಸುಮ್ನಿದ್ದೆ."

ನಾನು ಕಾಫಿ ಲೋಟ ಕೆಳಗಿಟ್ಟೆ.

"ಆವತ್ತು ಆಸ್ಪತ್ರೇಲೂ ಅಷ್ಟೇ," ಭಾವ ಅಂಗಳದ ಕಡೆ ನೋಡುತ್ತಾ ಹೇಳಿದರು. "ನಾನಿದ್ರೆ ನಿನ್ನ ಬಾಯಿ ಕಟ್ಟತ್ತೆ, ನೀನು ಹೇಳಲ್ಲ ಅಂತ ಗೊತ್ತಿತ್ತು. ಅದಕ್ಕೇ ಫೋನ್ ನೆಪ ಮಾಡ್ಕೊಂಡು ಬಾಗಿಲು ಹಾಕ್ಕೊಂಡು ಹೋದೆ. ಡಾಕ್ಟರಿಗೆ ಹೇಳ್ದೆ ತಾನೆ?"

ಅವರ ಕಣ್ಣಲ್ಲಿ ಸಂಶಯದ ಎಳೆಯೂ ಇರಲಿಲ್ಲ. ಆ ಒಂದು ನಂಬಿಕೆಯ ಮೇಲೆ ಅವರು ಊಟ ಮಾಡುತ್ತಿದ್ದರು, ನಿದ್ದೆ ಮಾಡುತ್ತಿದ್ದರು.

"ಹೇಳ್ದೆ ಭಾವ," ಎಂದೆ.

ಯಾವಾಗ ಎಂದು ಅವರು ಕೇಳಲಿಲ್ಲ.