ತರಕಾರಿ ಖಾನೆಯ ನೊಣ

ಕನ್ನಡಕದ ಅಂಗಡಿಯ ಯಜಮಾನರಿಗೆ ಹೂನೊಣಗಳ ಹುಚ್ಚು. ಜೇನುಹುಳದ ಹಾಗೆ ಹಳದಿ-ಕಪ್ಪು ಪಟ್ಟೆ ತೊಟ್ಟು, ಹೂವಿನ ಮುಂದೆ ಗಾಳಿಯಲ್ಲೇ ನಿಂತುಬಿಡುವ, ಕುಟುಕಲು ಬಾರದ ಬಡಪಾಯಿ ನೊಣಗಳವು. ಎಷ್ಟೋ ಜಾತಿಗಳು ನೋಡಲು ಒಂದೇ ಅಚ್ಚು. ಗಿರಾಕಿ ಇಲ್ಲದಾಗ ಯಜಮಾನರು ಫೋನಿನಲ್ಲಿ ನೊಣಪ್ರಿಯರ ಗುಂಪು ತೆರೆದು, ಯಾರೋ ಹಾಕಿದ ಫೋಟೋ ಹಿಗ್ಗಿಸಿ, ಕಾಲಿನ ಬಣ್ಣ, ಬೆನ್ನಿನ ಪಟ್ಟೆ ನೋಡಿ ಜಾತಿ ಹೇಳುತ್ತಿದ್ದರು. ಹೇಳಿ ಮೀಸೆ ತಿರುವುತ್ತಿದ್ದರು.

ಊರಿನ ಇನ್ನೊಂದು ತುದಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಹೆಂಗಸೊಬ್ಬರೂ ಅದೇ ಗುಂಪಿನಲ್ಲಿದ್ದರು. ಯಜಮಾನರು ಹೆಸರು ಹೇಳಿದ್ದೇ ತಡ, "ಬರೀ ಬೆನ್ನು ನೋಡಿ ಹೇಳೋಕಾಗಲ್ಲ. ಮುಖದ ಫೋಟೋ ಇದ್ರೆ ಹಾಕಿ" ಎಂದು ಬರೆಯುವರು.

"ನೊಣಕ್ಕೂ ಗುರುತಿನ ಚೀಟಿ ಕೇಳ್ತಾಳೆ ಮಹಾತಾಯಿ" ಎಂದು ಯಜಮಾನರು ಹೆಂಡತಿಯ ಮುಂದೆ ಗೊಣಗಿದರು. ಒಮ್ಮೆ ಆಕೆಯನ್ನು ಮೂರ್ಖಳನ್ನಾಗಿಸದೆ ಅವರಿಗೆ ಸಮಾಧಾನವಿರಲಿಲ್ಲ.

ಹೂನೊಣದ ಮರಿಹುಳ ನೊಣವಾಗಿ ಮಾರ್ಪಡುವ ಕೋಶ ಚಳಿಯಲ್ಲಿದ್ದರೆ ಹೊರಬರುವ ನೊಣ ಕಪ್ಪಗಿರುತ್ತದೆ, ಬೆಚ್ಚಗಿದ್ದರೆ ಹಳದಿ ಹೆಚ್ಚು. ಇದು ಯಜಮಾನರಿಗೆ ಗೊತ್ತಿತ್ತು. ಕುಂಡದ ಗುಲಾಬಿಯಲ್ಲಿ ಸಿಕ್ಕ, ಒಂದೇ ಜಾತಿಯ ಎರಡು ಕೋಶಗಳಲ್ಲಿ ಒಂದನ್ನು ಕಿಟಕಿಯ ಬಳಿ ಇಟ್ಟರು. ಇನ್ನೊಂದನ್ನು ಡಬ್ಬಿಗೆ ಹಾಕಿ ಫ್ರಿಜ್ಜಿನ ತರಕಾರಿ ಖಾನೆಯಲ್ಲಿ ಬಚ್ಚಿಟ್ಟರು.

"ಕ್ಯಾರೆಟ್ ಪಕ್ಕ ಇದೇನ್ರೀ?" ಎಂದರು ಹೆಂಡತಿ.

"ಔಷಧಿ."

"ಯಾರಿಗೆ?"

"ಔಷಧಿ ಅಂಗಡಿಯವರಿಗೆ."

ಕೊನೆಗೂ ಎರಡು ನೊಣ ಹೊರಬಂದವು. ಒಂದು ಬಂಗಾರದಂತೆ, ಇನ್ನೊಂದು ಮಸಿ ಬಳಿದಂತೆ. ಎರಡರ ಫೋಟೋ ಹಾಕಿ, "ಇವು ಯಾವ ಯಾವ ಜಾತಿ, ದೊಡ್ಡವರು ಹೇಳಬೇಕು" ಎಂದು ವಿನಯದಿಂದ ಬರೆದರು. ಗುಂಪಿನವರೆಲ್ಲ ಎರಡು ಬೇರೆ ಬೇರೆ ಹೆಸರು ಹೇಳಿ ಜಗಳಕ್ಕೇ ಬಿದ್ದರು. ಯಜಮಾನರು ಗಿರಾಕಿಯೊಬ್ಬರಿಗೆ ಬೇರೆಯವರ ಕನ್ನಡಕ ತೊಡಿಸುವಷ್ಟು ಮೈಮರೆತು ನಗುತ್ತಿದ್ದಾಗ ಆಕೆಯ ಉತ್ತರ ಬಂತು:

"ಎರಡೂ ಒಂದೇ ಜಾತಿ. ಕರೀದು ಕೋಶದಲ್ಲಿದ್ದಾಗ ಚಳಿ ತಿಂದಿದೆ. ಅಂದಹಾಗೆ, ಫೋಟೋದಲ್ಲಿ ಹಿಂದೆ ಕಾಣ್ತಿರೋದು ಫ್ರಿಜ್ ಬಾಗಿಲಲ್ವಾ ಸಾರ್?"

ಯಜಮಾನರ ಮುಖ ಇಂಗು ತಿಂದ ಮಂಗನಂತಾಯಿತು. ಆದರೆ ಸ್ವಲ್ಪ ಹೊತ್ತಿಗೆ ಅವರಿಗೇ ನಗು ತಡೆಯಲಾಗಲಿಲ್ಲ. "ಸಿಕ್ಕಿಬಿದ್ದೆ ತಾಯಿ. ಭಾನುವಾರ ಮನೆಗೆ ಬನ್ನಿ" ಎಂದು ಬರೆದರು.

ಆಕೆ ಬಂದರು. ಕೈಯಲ್ಲಿ ಮಾತ್ರೆ ಡಬ್ಬಿ, ಒಳಗೊಂದು ಸತ್ತ ನೊಣ. ಅದರ ಜಾತಿ ತೀರ್ಮಾನವಾಗಬೇಕಾದರೆ ಕಣ್ಣಿನ ಮೇಲೆ ಕೂದಲಿದೆಯೇ ಎಂದು ನೋಡಬೇಕಿತ್ತು. ಇಬ್ಬರೂ ಭೂತಗನ್ನಡಿ ಹಿಡಿದು ಬಾಗಿದರು. ಚಹಾ ಆರಿಹೋಯಿತು.

"ಕೂದಲಿದೆ" ಎಂದರು ಆಕೆ.

"ಅದು ಧೂಳು" ಎಂದರು ಯಜಮಾನರು.

"ಕೂದಲು ಸಾರ್."

ಕೇಳಿ ಕೇಳಿ ಸಾಕಾದ ಹೆಂಡತಿ, "ಅಷ್ಟಕ್ಕೆ ಯಾಕೆ ಜಗಳ, ಸ್ವಲ್ಪ ಸರ್ಕೊಳ್ಳಿ" ಎಂದು ನಡುವೆ ತಲೆ ಹಾಕಿ, ಧೂಳು ಹೋಗಲೆಂದು ಜೋರಾಗಿ ಊದಿಬಿಟ್ಟರು.

ಧೂಳೋ ಕೂದಲೋ, ನೊಣವೇ ಮಾಯ. ಮೂವರೂ ಮಂಡಿಯೂರಿ ಸೋಫಾದ ಕೆಳಗೆ ಹುಡುಕಲು ಕುಳಿತರು.