ಉಳಿದ ನಾಲ್ಕು ಜನ

ಆ ದಿನ ನೋಡಿದ ಸಿನಿಮಾ ಯಾವುದೆಂದು ನನಗೆ ನೆನಪಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅದರಲ್ಲೊಂದು ಪೊಲೀಸ್ ಠಾಣೆ ಇತ್ತು. ಎಮ್ಮೆ ಕಳೆದಿದೆಯೆಂದು ದೂರು ಕೊಡಲು ಬಂದವನೊಬ್ಬ ಎಮ್ಮೆಯ ಬದಲು ತನ್ನ ಹೆಂಡತಿಯ ಚಹರೆ ಬರೆಸುತ್ತಿದ್ದ. ಅದಕ್ಕೆ ನಾನು ನಕ್ಕಿದ್ದೆ. ಸಿನಿಮಾದ ಬಗ್ಗೆ ಇಷ್ಟೇ ಉಳಿದಿದೆ. ಉಳಿದದ್ದನ್ನು ಕೇಳಿದವರಿಗೆಲ್ಲ ಬೇರೆ ಬೇರೆ ರೀತಿ ಹೇಳಿದ್ದೇನೆ. ಕ್ಲಿನಿಕ್ಕಿನ ಗೆಳತಿಗೆ, ನಡುವೆಯೇ ಎದ್ದು ಹೊರಗೆ ಬಂದೆ ಎಂದಿದ್ದೆ. ಸುಳ್ಳು. ಕೊನೆಯವರೆಗೂ ಕೂತಿದ್ದೆ. ಪರದೆಯ ಮೇಲೆ ಹೆಸರುಗಳೆಲ್ಲ ಓಡಿ ಮುಗಿದು, ಕಸ ಗುಡಿಸುವವರು ಒಳಗೆ ಬರುವವರೆಗೂ ಕೂತಿದ್ದೆ.

ನಾನು ಪಿ.ಜೆ. ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಮಹಡಿಯ ಮೇಲಿನ ಎರಡು ಕೋಣೆಯ ಮನೆ, ಒಂದು ಸ್ಕೂಟಿ. ಮದುವೆಯಾಗಿಲ್ಲ. ಆಗ ಮೂವತ್ತಾರೋ ಮೂವತ್ತೇಳೋ. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು, ಹರಿಹರಕ್ಕೆ ಕೊಟ್ಟ ಹುಡುಗಿ. ಅವ್ವ ತೀರಿಹೋದ ಮೇಲೆ ನನಗೆ ಅಂತ ಉಳಿದವಳು ಅವಳೊಬ್ಬಳೇ. ತಿಂಗಳಿಗೊಂದು ಭಾನುವಾರ ಅವಳು ಮಧ್ಯಾಹ್ನದ ಬಸ್ಸು ಹತ್ತಿ ಬರುತ್ತಿದ್ದಳು. ಮಾಲ್‌ನ ಮೂರನೇ ಮಹಡಿಯ ಥಿಯೇಟರಿನಲ್ಲಿ ಇಬ್ಬರೂ ಮ್ಯಾಟಿನಿ ನೋಡುತ್ತಿದ್ದೆವು. ಅಕ್ಕ ಮಂಡಕ್ಕಿಯನ್ನು ಹೊಸ ಬ್ಲೌಸ್ ಪೀಸಿನ ಮಡಿಕೆಯೊಳಗೆ ಅಡಗಿಸಿ ತರುತ್ತಿದ್ದಳು. ಬಾಗಿಲಲ್ಲಿ ಚೀಲ ತಪಾಸಣೆ ಮಾಡುವ ಹೆಂಗಸು ಹಿಚುಕಿ ನೋಡಿ, "ಏನೈತ್ರಿ ಇದ್ರಾಗ, ಚರಚರ ಅಂತೈತೆ" ಎಂದರೆ, "ಜರತಾರಿ ಐತ್ರಿ ಯವ್ವಾ, ಹೊಸದು, ಅದಕ್ಕೇ ಸದ್ದು" ಎನ್ನುತ್ತಿದ್ದಳು. ಆ ಹೆಂಗಸಿಗೂ ಗೊತ್ತಿತ್ತು. ನಕ್ಕು ಬಿಡುತ್ತಿದ್ದಳು.

ಸಿನಿಮಾ ಚೆನ್ನಾಗಿತ್ತೋ ಇಲ್ಲವೋ, ನನಗೆ ಅದು ಮುಖ್ಯವೇ ಆಗಿರಲಿಲ್ಲ. ಅಲ್ಲಿ ಎಲ್ಲರೂ ಒಂದೇ ಕಡೆ ಮುಖ ಮಾಡಿ ಕೂತಿರುತ್ತಾರೆ, ಮೂರು ಗಂಟೆ ಯಾರೂ ನನ್ನನ್ನು ನೋಡುವುದಿಲ್ಲ. ಮದುವೆಯಾಗದ ಹೆಂಗಸನ್ನು ನಮ್ಮೂರಿನಲ್ಲಿ ಎಲ್ಲರೂ ನೋಡುತ್ತಾರೆ. ರಕ್ತ ಕೊಡಲು ಬಂದವರು ತೋಳು ಚಾಚಿ, ಸೂಜಿಗೆ ಹೆದರಿ ಕಣ್ಣು ಮುಚ್ಚಿಕೊಂಡೇ, "ಮೇಡಂ, ನಿಮ್ ಯಜಮಾನ್ರು ಎಲ್ಲಿ ಕೆಲ್ಸ ಮಾಡ್ತಾರ್ರಿ?" ಎಂದು ಕೇಳುತ್ತಾರೆ. ಅವ್ವ ಇದ್ದಾಗ ಎಲ್ಲದಕ್ಕೂ "ನಾಲ್ಕು ಜನ ನೋಡ್ತಾರೆ" ಎನ್ನುತ್ತಿದ್ದಳು. ಆ ನಾಲ್ಕು ಜನ ಯಾರೆಂದು ನಾನು ಕೇಳಿದರೆ ಬೈಸಿಕೊಳ್ಳುತ್ತಿದ್ದೆ. ಥಿಯೇಟರಿನ ಕತ್ತಲಲ್ಲಿ ಅವರಿರಲಿಲ್ಲ. ಅಕ್ಕನ ಪಕ್ಕ ಕೂತು ಗಂಟಲು ಬಿಟ್ಟು ನಗಬಹುದಿತ್ತು.

ಆ ಸಿನಿಮಾದ ದಿನಕ್ಕೆ ಒಂದು ವರ್ಷ ಮೊದಲು ನಡೆದದ್ದು ಇದು. ಹರಿಹರದ ಅಕ್ಕನ ಮನೆಯಲ್ಲಿ ನನ್ನನ್ನು ನೋಡಲು ಬಂದವರ ಮುಂದೆ ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದೆ. ಐದನೇ ಸಲವೋ ಆರನೇ ಸಲವೋ. ಬಂದವರಲ್ಲೊಬ್ಬ ಮುದುಕ, "ಸ್ವಲ್ಪ ಆ ಕಡೆ ನಡೆದು ತೋರಿಸವ್ವಾ" ಎಂದ. ನಾನು ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಅಡುಗೆಮನೆಗೆ ಹೋದೆ, ತಿರುಗಿ ಬರಲಿಲ್ಲ. ಅವರು ಹೋದ ಮೇಲೆ ಅಕ್ಕ ಬಂದು ಕಣ್ಣೀರು ಹಾಕಿದಳು. ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದು ಆಣೆ ಮಾಡಿದಳು. ಇನ್ನು ಯಾರೂ ನಿನ್ನನ್ನು ನೋಡಲು ಬರುವುದಿಲ್ಲ ಎಂದು. ಹೀಗೆ ನನಗೆ ನೆನಪಿದೆ. ಇದೇ ಮಾತನ್ನು ಆಡಿದಳೇ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಆ ಭಾನುವಾರದ ಹಿಂದಿನ ದಿನ ಅಕ್ಕನ ಫೋನ್ ಬಂತು.

"ಲೇ, ನಾಳೆ ಪಿಚ್ಚರಿಗೆ ಹೋಗಾಣ. ಸೀರೆ ಉಟ್ಕಂಬಾ."

"ಸೀರೆ ಯಾಕ? ಆ ಎಸಿಯಾಗ ಚೂಡಿದಾರದಾಗೇ ನಡುಗ್ತೀನಿ."

"ಆಮ್ಯಾಲೆ ಗುಡಿಗೆ ಹೋಗಾದೈತೆ. ಆ ನೇರಳೆ ಬಣ್ಣದ್ದು ಉಡು. ಹೇಳಿದಷ್ಟು ಕೇಳು ತಾಯಿ."

ನೇರಳೆ ಸೀರೆಯನ್ನೇ ಉಟ್ಟೆ. ಬಾಗಿಲಲ್ಲಿ ಟಿಕೆಟ್ ನೋಡುವ ಹುಡುಗಿಗೆ ಅಕ್ಕ ಮೊಬೈಲ್ ತೋರಿಸಿದಳು. ಆ ಹುಡುಗಿ ಯಂತ್ರವನ್ನು ಅದರ ಮೇಲೆ ಹಿಡಿದು, "ಆರು ಜನ ಅಲ್ವಾ ಮೇಡಂ?" ಎಂದಳು. ಅಕ್ಕ, "ಹೂಂ ಯವ್ವಾ, ನಾವಿಬ್ರು. ಉಳಿದ ನಾಲ್ಕು ಜನ ಹಿಂದೆ ಬರ್ತಾರ" ಎಂದಳು.

ನಾನು ಕೇಳಿಸಿಕೊಂಡೆ. ಈ ಒಂದು ವಾಕ್ಯವನ್ನು ಬಿಟ್ಟುಬಿಟ್ಟರೆ ನನ್ನ ಪಕ್ಷ ಗಟ್ಟಿಯಾಗುತ್ತದೆ, ಗೊತ್ತು. ಬೇರೆಯವರಿಗೆ ಹೇಳುವಾಗಲೆಲ್ಲ ಬಿಟ್ಟೇ ಹೇಳಿದ್ದೇನೆ. ಆದರೆ ಕೇಳಿಸಿಕೊಂಡೆ. ಭಾವನ ಕಡೆಯ ಯಾರೋ ಇರಬೇಕು ಎಂದುಕೊಂಡೆನೋ, ಏನನ್ನೂ ಅಂದುಕೊಳ್ಳಲಿಲ್ಲವೋ ಹೇಳಲಾರೆ. ಯಾರು ಎಂದು ಮಾತ್ರ ಕೇಳಲಿಲ್ಲ.

ಸಿನಿಮಾ ಶುರುವಾಗಿ ಹತ್ತು ನಿಮಿಷದ ಮೇಲೆ ಅವರು ಬಂದರು. ಮೊಬೈಲಿನ ಬೆಳಕು ಹಿಡಿದುಕೊಂಡು, ಸಾಲಿನಲ್ಲಿದ್ದವರ ಕಾಲು ತುಳಿಯುತ್ತ, ಒಬ್ಬ ವಯಸ್ಸಾದ ಹೆಂಗಸು, ಅವರ ಮಗಳು, ಅಳಿಯ, ಕೊನೆಗೆ ಮಗ. "ಅಯ್ಯ, ನೀವೇನ್ರೀ! ಬರ್ರಿ, ಕೂಡ್ರಿ" ಎಂದು ಅಕ್ಕ ಆಶ್ಚರ್ಯಪಟ್ಟಳು. ಆ ಆಶ್ಚರ್ಯ ಎಷ್ಟು ಚೆನ್ನಾಗಿತ್ತೆಂದರೆ ಈಗಲೂ ಅದು ನಿಜವಿದ್ದರೂ ಇರಬಹುದೇ ಎಂದು ಒಮ್ಮೊಮ್ಮೆ ಅನಿಸುತ್ತದೆ. ನನ್ನ ಕಿವಿಯಲ್ಲಿ, "ಸಾರಥಿ ಊರಿನೋರು. ನಮ್ಮ ಪೈಕಿ" ಎಂದಳು. ನಾನು ಕತ್ತಲಲ್ಲೇ ಕೈಮುಗಿದು ಪರದೆಯ ಕಡೆ ತಿರುಗಿದೆ. ಎಮ್ಮೆಯವನು ಬಂದದ್ದು ಆಗ. ನಾನು ಎಂದಿನ ಹಾಗೆ ನಕ್ಕೆ.

ಇಂಟರ್ವಲ್ ಆಯಿತು. ದೀಪ ಹತ್ತಿತು. ಅಕ್ಕ ಮಂಡಿ ಒತ್ತಿಕೊಳ್ಳುತ್ತ, "ಮೊಬೈಲಾಗ ಆರ್ಡರ್ ಕೊಟ್ಟೀನಿ, ಕೌಂಟರಿಗೆ ಬಂದಿರ್ತೈತೆ. ನಂಗೆ ಮೆಟ್ಲು ಹತ್ತಾಕೆ ಆಗಲ್ಲ, ನೀನೇ ತಗಂಬಾ" ಎಂದು ಮೊಬೈಲ್ ಕೊಟ್ಟಳು. ಕೌಂಟರಿನವಳು ರಟ್ಟಿನ ಟ್ರೇಯೊಂದನ್ನು ಮಡಿಸಿ ಅದರ ಗುಳಿಗಳಲ್ಲಿ ಆರು ಕಪ್ ಟೀ ಇಟ್ಟು, ನಡುವೆ ಪಾಪ್‌ಕಾರ್ನ್ ಡಬ್ಬಿ ನಿಲ್ಲಿಸಿದಳು. "ಎರಡೂ ಕೈಯಾಗೆ ಹಿಡೀರಿ ಮೇಡಂ, ಅಲ್ಲಾಡ್ತೈತೆ" ಎಂದಳು. ಎರಡೂ ಕೈಯಲ್ಲಿ ಹಿಡಿದೆ. ಸೆರಗು ಜಾರದಂತೆ ಮೊಣಕೈಯಿಂದ ಒತ್ತಿಕೊಂಡು, ಮೆಟ್ಟಿಲ ಮೇಲೆ ಕಣ್ಣಿಟ್ಟು, ತಲೆ ತಗ್ಗಿಸಿ ನಿಧಾನಕ್ಕೆ ಇಳಿದೆ.

ನಮ್ಮ ಸಾಲಿನ ಐದೂ ಜನ ಪರದೆಗೆ ಬೆನ್ನು ತಿರುಗಿಸಿ ನನ್ನನ್ನೇ ನೋಡುತ್ತಿದ್ದರು. ಐದು, ಏಕೆಂದರೆ ಅಕ್ಕನೂ.

ಸಾಲಿನ ತುದಿಯಲ್ಲಿ ನಿಂತು ಹತ್ತಿರದಲ್ಲಿದ್ದ ಆ ವಯಸ್ಸಾದ ಅಮ್ಮನಿಗೆ ಕಪ್ ಕೊಡಲು ಬಾಗಿದೆ. ಅಕ್ಕ ಮೆಲ್ಲಗೆ ಹೇಳಿದಳು:

"ಮೊದ್ಲು ಅವ್ರಿಗೆ ಕೊಡು."

ಅವ್ರು ಎಂದರೆ ಮಗ. ಆ ಮೂರು ಮಾತು ನನಗೆ ಬಾಯಿಪಾಠವಿತ್ತು. ಉಪ್ಪಿಟ್ಟಿನ ತಟ್ಟೆ ಹಿಡಿದಾಗಲೆಲ್ಲ ಅಡುಗೆಮನೆಯ ಬಾಗಿಲ ಸಂದಿಯಿಂದ ಬರುತ್ತಿದ್ದ ಮಾತು ಅದು. ಆರು ಟಿಕೆಟ್, ನೇರಳೆ ಸೀರೆ, ಮಂಡಿನೋವು ಎಲ್ಲ ಅಷ್ಟರಲ್ಲಿ ಅರ್ಥವಾಯಿತು. ಟ್ರೇ ಬಿಸಾಡಬಹುದಿತ್ತು ಎಂದು ಆಮೇಲೆ ಅಂದುಕೊಂಡಿದ್ದೇನೆ. ಗೆಳತಿಗೆ ಹೇಳುವಾಗ ಒಂದು ಕಪ್ ಟೀಯನ್ನು ಅವನ ಪ್ಯಾಂಟಿನ ಮೇಲೆ ಚೆಲ್ಲಿದೆ ಎಂದೂ ಸೇರಿಸಿದ್ದೆ. ಏನೂ ಚೆಲ್ಲಲಿಲ್ಲ. ನನ್ನ ಕೈ ಸೂಜಿ ಹಿಡಿಯುವ ಕೈ, ನಡುಗುವುದಿಲ್ಲ. ಬಾಗಿ ಅವನಿಗೆ ಕೊಟ್ಟೆ.

ಅವನು ಒಂದು ಗುಟುಕು ಕುಡಿದು, "ಟೀ ನೀವೇ ಮಾಡಿದ್ದೇನ್ರಿ?" ಎಂದ.

ಎಲ್ಲರೂ ನಕ್ಕರು. ಅಳಿಯನಂತೂ, "ಏ, ಬಿಡಪ್ಪ ಮಾರಾಯ, ಪಾಪ ಹೆದರ್ಕಂಡಾರ" ಎಂದು ಅವನ ತೊಡೆಗೆ ಹೊಡೆದ. ಅವನು ಕೆಟ್ಟವನಾಗಿ ಕಾಣಲಿಲ್ಲ. ಅವನಿಗೂ ಮುಜುಗರವಾಗಿರಬೇಕು, ಅದಕ್ಕೇ ತಮಾಷೆ ಮಾಡಿದ. ಬೇರೆ ಎಲ್ಲಾದರೂ ಆಗಿದ್ದರೆ ಆ ಮಾತಿಗೆ ನಾನೇ ಮೊದಲು ನಗುತ್ತಿದ್ದೆ.

"ಕನ್ನಡಕ ಯಾವಾಗ್ಲೂ ಹಾಕ್ತೀಯೇನವ್ವ, ಇಲ್ಲಾ ಪಿಚ್ಚರ್ ನೋಡಾಕಷ್ಟೇನ?" ಎಂದು ಆ ಅಮ್ಮ ಕೇಳಿದರು.

"ಯಾವಾಗ್ಲೂ ಹಾಕ್ತೀನ್ರಿ."

"ನಂಬರ್ ಎಷ್ಟೈತೆ?"

ಹೇಳಿದೆ. ಅದೇ ನನಗೆ ಇನ್ನೂ ಸಿಟ್ಟು ತರಿಸುವುದು. ಎರಡೂ ಕಣ್ಣಿನ ನಂಬರನ್ನು ಬೇರೆ ಬೇರೆಯಾಗಿ, ಕ್ಲಿನಿಕ್ಕಿನಲ್ಲಿ ವರದಿ ಓದುವ ದನಿಯಲ್ಲಿ ಹೇಳಿದೆ. ಅಷ್ಟರಲ್ಲಿ ದೀಪ ಆರಿತು. ಮುಂದಿನ ಒಂದೂಕಾಲು ಗಂಟೆ ಪರದೆಯ ಬೆಳಕು ನನ್ನ ಮುಖದ ಮೇಲೆ ಬಿದ್ದಾಗಲೆಲ್ಲ ಆ ಕಡೆಯ ಕುರ್ಚಿಗಳಲ್ಲಿ ಯಾರೋ ಮಿಸುಕಿದಂತೆ ಅನಿಸುತ್ತಿತ್ತು. ನಿಜವಾಗಿ ಮಿಸುಕಿದರೋ ಇಲ್ಲವೋ, ತಿರುಗಿ ನೋಡಲಿಲ್ಲ.

ಅವರು ಹೋದ ಮೇಲೂ ನಾನು ಏಳಲಿಲ್ಲ. ಅಕ್ಕ, "ಏಳು, ಗುಡಿಗೆ ಹೊತ್ತಾತು" ಎಂದಳು. "ನೀನು ಹೋಗು" ಎಂದೆ. ಅವಳು ಹೋದಳು. ಗುಡಿಗೋ ಹರಿಹರದ ಬಸ್ಸಿಗೋ ಕೇಳಲಿಲ್ಲ.

ಬುಧವಾರ ಫೋನ್ ಮಾಡಿದಳು. ದನಿ ಸಣ್ಣಗಿತ್ತು. ಕ್ಷಮೆ ಕೇಳುತ್ತಾಳೆಂದು ತಿಳಿದು ನಾನು ಲ್ಯಾಬಿನ ಬಾಗಿಲು ಹಾಕಿಕೊಂಡೆ.

"ಅವರು ಬ್ಯಾಡ ಅಂದ್ರು ನೋಡು."

"ಹೂಂ."

"ಎತ್ತರ, ಬಣ್ಣ, ಕೆಲ್ಸ ಎಲ್ಲ ಹಿಡಿಸಿತ್ತಂತೆ. ಹುಡುಗಿ ಭಾಳ ಜೋರಾಗಿ ನಗ್ತಾಳೆ ಅಂದ್ರಂತೆ. ಗಂಡಸರಂಗೆ." ಮತ್ತೆ, "ಒಂದಿನ ಮೆತ್ತಗೆ ನಗಾಕೆ ಆಗ್ತಿರಲಿಲ್ಲೇನೇ ನಿಂಗೆ?" ಎಂದಳು.

ಅದುವರೆಗೆ ನನಗೆ ಬಂದಿದ್ದು ಸಿಟ್ಟು. ಈ ಮಾತಿನಿಂದ ಆದದ್ದು ಬೇರೆ. ನನ್ನ ಆ ನಗು ಅವಳ ಪಕ್ಕದಲ್ಲಿ ಮಾತ್ರ ಬರುತ್ತಿತ್ತು. ಕ್ಲಿನಿಕ್ಕಿನಲ್ಲಿ ನಾನು ಹಾಗೆ ನಗುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವರನ್ನು ಅಲ್ಲಿಗೇ ಕರೆದಿದ್ದಳು.

"ಲಿಂಗ ಹಿಡಿದು ಆಣೆ ಮಾಡಿದ್ದಿ ಅಕ್ಕ" ಎಂದೆ.

"ಏನಂತ ಮಾಡಿದ್ದೆ, ಸರಿಯಾಗಿ ಹೇಳು? ಇನ್ನ ಯಾರ್ನೂ ಮನೀಗೆ ಕರೆಸಲ್ಲ ಅಂತ. ಮನೀಗೆ ಕರೆಸಿದ್ನೇನು? ಮನೀಗೆ ಬಂದ್ರೆ ನಿಂಗೆ ಅವಮಾನ ಅಂತ ಅಲ್ಲೇನು, ಅಲ್ಲಿ ಕತ್ತಲಾಗ, ನಿಂಗೂ ತಿಳೀದಂಗೆ, ಸುಮ್ನೆ ನೋಡ್ಕಂಡು ಹೋಗ್ಲಿ ಅಂತ ಮಾಡಿದ್ದು."

ಮನೀಗೆ. ಆ ಪದ ಆಣೆಯಲ್ಲಿ ಇತ್ತೇ? ಆ ದಿನದ ಅಡುಗೆಮನೆಯನ್ನು ಎಷ್ಟು ಸಲ ತಿರುಗಿ ನೋಡಿದ್ದೇನೋ. ಅವಳ ಅಂಗೈ ಕಾಣುತ್ತದೆ, ಒಲೆಯ ಮೇಲೆ ತಣ್ಣಗಾದ ಉಪ್ಪಿಟ್ಟು ಕಾಣುತ್ತದೆ. ಮಾತು ಕೇಳಿಸುವುದಿಲ್ಲ. ನನಗೆ ಬೇಕಾದ ವಾಕ್ಯವನ್ನು ನಾನೇ ಅವಳ ಬಾಯಲ್ಲಿ ಇಟ್ಟುಕೊಂಡಿರಬಹುದು. ಅಥವಾ ಅವಳು ಆಮೇಲೆ ಒಂದು ಪದ ಸೇರಿಸಿಕೊಂಡಿರಬಹುದು. ಎರಡೂ ಸಾಧ್ಯ. ಅವಳ ಮಾತೇ ನಿಜವಾದರೆ ಇನ್ನೂ ಕೆಟ್ಟದ್ದು. ಅಳುತ್ತಾ ಆಣೆ ಮಾಡುವಾಗಲೂ ಒಂದು ಕಿಟಕಿ ತೆರೆದಿಟ್ಟುಕೊಂಡಿದ್ದಳು ಎಂದಾಯಿತು.

"ಅಷ್ಟಕ್ಕೂ ನಿಂಗೆ ಗೊತ್ತಿತ್ತು" ಎಂದಳು. "ಬಾಗ್ಲಾಗ ಆರು ಅಂದಾಗ ನೀ ನನ್ ಮುಖ ನೋಡ್ದಿ. ನೋಡಿ ಸುಮ್ನಾದಿ."

ನಾನು ಫೋನ್ ಇಟ್ಟೆ. ಅವಳ ಮುಖ ನೋಡಿದ್ದು ನನಗೆ ನೆನಪಿಲ್ಲ. ಇಲ್ಲ ಎನ್ನುವಷ್ಟು ಧೈರ್ಯವೂ ಇಲ್ಲ.

ಎರಡು ತಿಂಗಳು ನಾವು ಮಾತಾಡಲಿಲ್ಲ. ಮೂರನೇ ತಿಂಗಳು ಅವಳೇ ಫೋನ್ ಮಾಡಿ, ಹೊಸ ಪಿಚ್ಚರ್ ಬಂದಿದೆ, ನಗೆಯದ್ದಂತೆ, ಇಬ್ಬರೇ ಹೋಗೋಣ ಎಂದಳು. "ಎರಡೇ ಟಿಕೆಟ್. ಬೇಕಾದ್ರೆ ನೀನೇ ಬುಕ್ ಮಾಡು, ಆತಾ?"

"ನಿಂದು ನೀನು ಮಾಡ್ಕೋ. ನಂದು ನಾನು ಮಾಡ್ಕಂತೀನಿ" ಎಂದೆ.

"ಪಕ್ಕದ್ದೇ ಮಾಡ್ತೀಯಲ್ಲ?"

"ಸಿಕ್ರೆ."

ಸಿಗುತ್ತಿತ್ತು. ಅವಳು ನಂಬರ್ ಕಳಿಸಿದ ಸೀಟಿನ ಎರಡೂ ಪಕ್ಕ ಮೊಬೈಲಿನಲ್ಲಿ ಖಾಲಿ ತೋರಿಸುತ್ತಿತ್ತು. ನಾನು ಅವಳಿಗಿಂತ ಮೂರು ಸಾಲು ಹಿಂದೆ, ಗೋಡೆಯ ಪಕ್ಕದ್ದನ್ನು ಒತ್ತಿದೆ. ಬೇಕೆಂದೇ ತಡವಾಗಿ, ದೀಪ ಆರಿದ ಮೇಲೆ ಒಳಗೆ ಹೋದೆ. ಅವಳ ತುರುಬು, ಬಲಕ್ಕೆ ವಾಲಿದ ತಲೆ ಗುರುತು ಸಿಕ್ಕಿತು. ಪಕ್ಕದ ಕುರ್ಚಿಯ ಮೇಲೆ ಚೀಲ ಇಟ್ಟುಕೊಂಡಿದ್ದಳು, ಬೇರೆ ಯಾರೂ ಕೂರದ ಹಾಗೆ. ಜನ ನಗುವಾಗಲೆಲ್ಲ ಆ ಕುರ್ಚಿಯ ಕಡೆ ಸ್ವಲ್ಪ ತಿರುಗಿ, ಮತ್ತೆ ಮುಂದೆ ನೋಡುತ್ತಿದ್ದಳು. ಅಭ್ಯಾಸವೋ, ನನ್ನ ದಾರಿ ನೋಡುತ್ತಿದ್ದಳೋ. ನಾನು ಆ ದಿನದ ಸಿನಿಮಾವನ್ನೂ ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದೆ. ಅವಳಿಗೆ ತಿಳಿಯದ ಹಾಗೆ, ಕತ್ತಲಲ್ಲಿ, ಮುಖದ ಮೇಲೆ ಬೆಳಕು ಬಿದ್ದಾಗಲೆಲ್ಲ.

ಇಂಟರ್ವಲ್‌ನಲ್ಲಿ ದೀಪ ಹತ್ತಿದಾಗ ಎದ್ದು ನಿಂತು ಹಿಂದಕ್ಕೆ ತಿರುಗಿದಳು. ಹಣೆಗೆ ಕೈ ಅಡ್ಡ ಹಿಡಿದು ಒಂದೊಂದೇ ಸಾಲು ಹುಡುಕಿದಳು. ಅವಳ ಕಣ್ಣು ನನ್ನ ಮೇಲೆ ಬಂತು, ಒಂದು ಗಳಿಗೆ ನಿಂತಂತೆ ಕಂಡಿತು, ಮುಂದೆ ಹೋಯಿತು.

ನಾನು ಕೈ ಎತ್ತಲಿಲ್ಲ.